ಸುತ್ತಿಗೆ ಎತ್ತುವ ಮುಂಚೆ ಮನೆ ತೋರಿಸಿ

ಮೈಸೂರಿನ ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರದ ಕಡೆ ಹಳೇ ಮನೆಗಳ ರಿಪೇರಿ ಹಿಡಿಯುವುದು ನನ್ನ ಕಸುಬು. ಬಚ್ಚಲುಮನೆ ಒಡೆದು ಹೊಸ ಟೈಲ್ಸ್ ಹಾಕಿಸುವುದು, ವೈರಿಂಗ್ ಬದಲಿಸುವುದು, ಸೋರುವ ತಾರಸಿ ಸರಿಮಾಡುವುದು, ಇಂಥವೇ ಕೆಲಸಗಳು. ದೊಡ್ಡ ಕಟ್ಟಡದ ಸೈಟಿನಲ್ಲಿ ಸೇಫ್ಟಿ ಆಫೀಸರ್ ಇರುತ್ತಾರೆ, ಗೇಟಿನಲ್ಲೇ ಹೆಲ್ಮೆಟ್ ಕೇಳುತ್ತಾರೆ. ಜನ ವಾಸವಿರುವ ಮನೆಗೆ ಹಾಗೆ ಯಾರೂ ಬರುವುದಿಲ್ಲ. ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಬಂದ ಕಾಯ್ದೆ ಕೂಡ, 10 ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆ ಕೆಲಸವನ್ನು ಹೊರಗೇ ಬಿಟ್ಟಿತ್ತು. ಹಾಗಾಗಿ ಅಲ್ಲಿ ಕೆಲಸದವರ ಜೀವಕ್ಕೆ ಹೊಣೆ ಎಂದರೆ ಕೆಲಸ ಹಿಡಿದ ನಾನು, ಮತ್ತೆ ಮನೆಯವರು.

ನನಗೆ ಕೆಲಸ ಗೊತ್ತು, ಆ ಮನೆ ಗೊತ್ತಿಲ್ಲ. ಯಾವ ಗೋಡೆಯೊಳಗೆ ಪೈಪ್ ಹೋಗಿದೆ, ಯಾವ ಸಜ್ಜಾ ಮೊದಲೇ ಬಿರುಕು ಬಿಟ್ಟಿತ್ತು, ಹಿತ್ತಿಲಲ್ಲಿ ಹಳೇ ಗುಂಡಿ ಮುಚ್ಚಿದ್ದು ಎಲ್ಲಿ, ಇದೆಲ್ಲ ಗೊತ್ತಿರುವುದು ಅಲ್ಲಿ ಬಾಳಿದವರಿಗೆ. ಮನೆಗೆಲಸದಲ್ಲಿ ನಾನು ಹತ್ತಿರದಿಂದ ಕಂಡ ಅನಾಹುತಗಳಲ್ಲಿ ಬಹುಪಾಲು, ಒಬ್ಬರಿಗೆ ಗೊತ್ತಿದ್ದ ಸಂಗತಿ ಇನ್ನೊಬ್ಬರಿಗೆ ತಲುಪದೆ ಆದವು. ಈಗ ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲು ಮನೆಯ ಹಿರಿಯರ ಜೊತೆ ಇಡೀ ಮನೆ ಒಂದು ಸುತ್ತು ಬರುತ್ತೇನೆ. ಸಾಮಾನ್ಯವಾಗಿ ಯಜಮಾನರಿಗಿಂತ ಅಜ್ಜಿಗೆ ಹೆಚ್ಚು ವಿಷಯ ಗೊತ್ತಿರುತ್ತದೆ.

ಒಂದು ಮನೆಯಲ್ಲಿ ಹಾಲಿನ ಹಳೇ ಸ್ವಿಚ್‌ಬೋರ್ಡ್ ಬಿಚ್ಚುವುದಿತ್ತು. ಮನೆಯವರೇ ಮೇನ್ ಆಫ್ ಮಾಡಿದರು. ಫ್ರಿಜ್ಜಿನ ಸದ್ದೂ ನಿಂತಿತು. ನಮ್ಮ ಹುಡುಗ ಬೋರ್ಡಿನ ಮುಚ್ಚಳ ತೆಗೆದು, ಕೈ ಹಾಕುವ ಮುಂಚೆ ರೂಢಿಯಂತೆ ಟೆಸ್ಟರ್ ಇಟ್ಟ. ದೀಪ ಹತ್ತಿತು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಹಳೇ ಸೂಟ್‌ಕೇಸುಗಳ ಹಿಂದೆ, ಇನ್ವರ್ಟರ್ ಕೂತಿತ್ತು. ಕರೆಂಟ್ ಹೋದಾಗ ಬರಲೆಂದೇ ಇಟ್ಟ ಯಂತ್ರ. ಲೈನ್ ಹೋಯಿತೋ, ನಾವೇ ಆಫ್ ಮಾಡಿದೆವೋ, ಅದಕ್ಕೆ ಎರಡೂ ಒಂದೇ. ಬ್ಯಾಟರಿ 12 ವೋಲ್ಟ್ ಎಂದು ಸದರ ಮಾಡುವವರಿದ್ದಾರೆ. ಅದರಿಂದ ಬೋರ್ಡಿಗೆ ಬರುವುದು 230 ವೋಲ್ಟೇ. ಹಾಗಾಗಿ ಮೇನ್ ತೋರಿಸುವಾಗ ಇನ್ವರ್ಟರನ್ನೂ ತೋರಿಸಿ, ಅದನ್ನೂ ಆಫ್ ಮಾಡಿಸಿ. ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಇದ್ದರೆ, ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್ಲಿನಿಂದ ಇಳಿಯುವ ವೈರಿನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಆ ವೈರ್ ಯಾವ ಗೋಡೆಯ ಮೇಲೆ ಬಂದಿದೆ ಎಂದು ಬಣ್ಣ ಬಳಿಯುವವರಿಗೂ ಹೇಳಬೇಕು.

ಗ್ರಾನೈಟ್ ಕೊಯ್ಯುವಾಗ ನೀರು ಹಾಯಿಸುತ್ತೇವೆ. ಕಲ್ಲಿನ ನುಣ್ಣನೆ ಧೂಳು ವರ್ಷಗಟ್ಟಲೆ ಎದೆಗೆ ಇಳಿದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆಯಲ್ಲ. ಆದರೆ ನೀರಿನ ಪಕ್ಕದಲ್ಲೇ ಕರೆಂಟಿನ ಮೆಷಿನ್. ಅದಕ್ಕೇ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದ ಪಾಯಿಂಟಿಗೆ ನಮ್ಮ ಮೆಷಿನ್ ಸಿಕ್ಕಿಸುವುದಿಲ್ಲ. ‘ಎಂಸಿಬಿ ಇದೆಯಲ್ಲ’ ಎನ್ನುತ್ತಾರೆ. ಎಂಸಿಬಿ ಇರುವುದು ವೈರ್ ಸುಡದಂತೆ ಕಾಯಲು. ಮೈಗೆ ಕರೆಂಟ್ ಹರಿದಾಗ ಅದು ಬೀಳುವುದೇ ಇಲ್ಲ, ಆಗ ಬೀಳುವುದು ಆರ್‌ಸಿಸಿಬಿ. ಹಳೇ ಮನೆಗಳಲ್ಲಿ ಆರ್‌ಸಿಸಿಬಿ ಇರುವುದು ಅಪರೂಪ, ಆದ್ದರಿಂದ ಅದನ್ನು ಅಳವಡಿಸಿದ ಪೆಟ್ಟಿಗೆಯೊಂದನ್ನು ನಾವೇ ಒಯ್ಯುತ್ತೇವೆ. ಅರ್ತಿಂಗ್ ಗುಂಡಿ ಎಲ್ಲಿದೆ ಎಂದು ಕೇಳಿದರೆ ಎಷ್ಟೋ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಗೋಡೆ ಒಡೆಯುವ ವಿಷಯದಲ್ಲಿ ನಾನು ತುಂಬ ಹಟ ಮಾಡುತ್ತೇನೆ. ಈ ಬಡಾವಣೆಗಳ ಹಳೇ ಮನೆಗಳಿಗೆ ಪಿಲ್ಲರ್ ಇಲ್ಲ, ಒಂಬತ್ತು ಇಂಚಿನ ಗೋಡೆಗಳೇ ಸೂರು ಹೊತ್ತಿವೆ. ಮದ್ರಾಸ್ ತಾರಸಿಯಾದರೆ ತೇಗದ ತೊಲೆಗಳು ಆ ಗೋಡೆಯ ಮೇಲೇ ಕೂತಿರುತ್ತವೆ. ‘ಈ ಗೋಡೆ ತೆಗೆದರೆ ಹಾಲ್ ದೊಡ್ಡದಾಗುತ್ತೆ’ ಎಂಬ ಮಾತಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವ ತನಕ ನನ್ನ ಕಡೆಯಿಂದ ಹೂಂ ಇಲ್ಲ.

ಸಂಪಿನ ಮಾತು ಬಂದಾಗ ನನ್ನ ದನಿ ಏರುತ್ತದೆ. ಗಾರೆ ಕೆಲಸ ಮುಗಿಯುತ್ತಿದ್ದಂತೆ ಮನೆಯವರು ಹೆಲ್ಪರ್ ಹುಡುಗನಿಗೆ, ‘ಬಂದಿದೀಯಲ್ಲಪ್ಪ, ಹಾಗೇ ಸಂಪೊಂದು ತೊಳೆದುಬಿಡು, ಕೈಖರ್ಚಿಗೆ ಕೊಡ್ತೀನಿ’ ಎನ್ನುತ್ತಾರೆ. ನನಗೆ ತಿಳಿಸುವುದೂ ಇಲ್ಲ. ತಿಂಗಳುಗಟ್ಟಲೆ ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ಒಳಗೆ ವಾಟರ್‌ಪ್ರೂಫಿಂಗ್ ಕೆಮಿಕಲ್ ಬಳಿದಿದ್ದರೆ ಅದರ ಆವಿ ಅಲ್ಲೇ ನಿಲ್ಲುತ್ತದೆ. ನೀರೆತ್ತಲು ಪೆಟ್ರೋಲ್ ಪಂಪನ್ನು ಒಳಗೇ ಇಳಿಸಿದರೆ ಇಂಗಾಲದ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಇಳಿದವನು ಕೂಗಲೂ ಆಗದೆ ಕುಸಿಯುತ್ತಾನೆ. ಮೇಲಿದ್ದವನು ಅವನನ್ನು ಎತ್ತಲು ಹಾರುತ್ತಾನೆ. ಪತ್ರಿಕೆಯಲ್ಲಿ ಇಂಥ ಸುದ್ದಿ ಬಂದಾಗ ಒಂದರ ಬದಲು ಎರಡು, ಮೂರು ಸಾವು ಇರುವುದು ಇದೇ ಕಾರಣಕ್ಕೆ. ಮೇಣದಬತ್ತಿ ಇಳಿಸಿ ನೋಡುವುದನ್ನು ನಂಬಬೇಡಿ. ವಿಷಾನಿಲವಿದ್ದರೂ ಅದು ಉರಿಯಬಹುದು, ಹೊತ್ತಿಕೊಳ್ಳುವ ಆವಿ ಇದ್ದರೆ ಸಿಡಿಯಲೂಬಹುದು. ಮೇಲಿನಿಂದಲೇ ಯಂತ್ರದಲ್ಲಿ ತೊಳೆಯುವವರನ್ನು ಕರೆಸಿ. ಶೌಚದ ಗುಂಡಿಯ ಮಾತಂತೂ ಬೇಡವೇ ಬೇಡ. ರಕ್ಷಣಾ ಸಾಧನಗಳಿಲ್ಲದೆ ಅದರೊಳಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದೇ ಹೇಳಿದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 2023ರಲ್ಲಿ ಸುಪ್ರೀಂ ಕೋರ್ಟ್ 30 ಲಕ್ಷ ರೂಪಾಯಿಗೆ ಏರಿಸಿತು. ಸಕ್ಕಿಂಗ್ ಲಾರಿ ಇರುವುದೇ ಆ ಕೆಲಸಕ್ಕೆ.

ಎತ್ತರದ ಕೆಲಸಕ್ಕೆ ಮನೆಯವರು ತೋರಿಸಬೇಕಾದ್ದು ಎರಡು. ಬೀದಿಯ ವಿದ್ಯುತ್ ತಂತಿ ಬಾಲ್ಕನಿಗೆ ಎಷ್ಟು ಹತ್ತಿರ ಇದೆ? ನಿಯಮದಂತೆ 11 ಕೆವಿ ಲೈನಿಗೂ ಗೋಡೆಗೂ ನಡುವೆ ಕನಿಷ್ಠ 1.2 ಮೀಟರ್ ಇರಬೇಕು. ಆದರೆ ಸಾರುವೆ ಕಟ್ಟಿದಾಗ, ಅಲ್ಯೂಮಿನಿಯಂ ಏಣಿ ಎತ್ತಿದಾಗ ಆ ಅಂತರ ಉಳಿಯುವುದಿಲ್ಲ. ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಕೊಟ್ಟು ಲೈನ್ ಆಫ್ ಮಾಡಿಸುವುದು ತಡವಾದರೂ ಕಾಯಬೇಕು. ಇನ್ನೊಂದು ಸಿಮೆಂಟ್ ಶೀಟಿನ ಸೂರು. ಮೇಲಿಂದ ಗಟ್ಟಿಯಾಗಿಯೇ ಕಾಣುತ್ತದೆ, ಕಾಲಿಟ್ಟರೆ ಮುರಿದು ಮನುಷ್ಯ ನೇರ ಕೆಳಗೆ. ಹಲಗೆ ಹಾಸದೆ ನಮ್ಮವರು ಹತ್ತುವುದಿಲ್ಲ.

ಕುಡಿಯುವ ನೀರು, ಶೌಚಾಲಯದ ವಿಷಯ ಕೇಳಲು ನನಗೆ ಮೊದಮೊದಲು ಸಂಕೋಚವಾಗುತ್ತಿತ್ತು. ಈಗ ಮೊದಲ ಭೇಟಿಯಲ್ಲೇ ಕೇಳುತ್ತೇನೆ. ಮಣ್ಣು ಹೊರುವ ಹೆಂಗಸರು ಶೌಚಕ್ಕೆ ಜಾಗವಿಲ್ಲವೆಂದು ಬೆಳಿಗ್ಗೆಯಿಂದ ನೀರೇ ಮುಟ್ಟದೆ ಏಪ್ರಿಲ್ ಬಿಸಿಲಲ್ಲಿ ತಾರಸಿ ಹತ್ತುವುದನ್ನು ಕಂಡಿದ್ದೇನೆ. ತಲೆ ಸುತ್ತಿದರೆ ಹಿಡಿಯಲು ಅಲ್ಲಿ ಪ್ಯಾರಾಪೆಟ್ ಕೂಡ ಇರುವುದಿಲ್ಲ. ಹೊರಗಿನ ಬಚ್ಚಲು ಬಿಟ್ಟುಕೊಡಿ, ಒಂದು ಕೊಡ ನೀರು ಕೈಗೆಟುಕುವಂತಿಡಿ.

ಮುಹೂರ್ತದ ಆತುರವೂ ಅಪಾಯವೇ. ಚಪ್ಪರದ ದಿನ ಹತ್ತಿರ ಬಂತೆಂದು ರಾತ್ರಿ ಲೈಟ್ ಹಾಕಿ ಕೆಲಸ ಮಾಡಿಸುತ್ತಾರೆ, ಬಣ್ಣದವರು, ಟೈಲ್ಸಿನವರು, ಪ್ಲಂಬರ್ ಎಲ್ಲರನ್ನೂ ಒಂದೇ ಕೋಣೆಗೆ ತುಂಬುತ್ತಾರೆ. ಒಬ್ಬನ ಥಿನ್ನರ್ ಡಬ್ಬದ ಪಕ್ಕ ಇನ್ನೊಬ್ಬನ ಕಟಿಂಗ್ ಮೆಷಿನ್ನಿನ ಕಿಡಿ ಹಾರುತ್ತಿರುತ್ತದೆ. ಮದುವೆ ಗೊತ್ತಾದ ಮೇಲೆ ರಿಪೇರಿಗೆ ಕರೆಯುವವರಿಗೆ ನಾನು ನೇರವಾಗಿ ಹೇಳುತ್ತೇನೆ: ಈಗ ಬಣ್ಣ ಮಾತ್ರ, ಒಡೆಯುವುದೆಲ್ಲ ಆಮೇಲೆ.

ನನ್ನ ಎಸ್ಟಿಮೇಟಿನಲ್ಲಿ ಸಾರುವೆ, ಬೆಲ್ಟ್, ಹೆಲ್ಮೆಟ್, ಮಾಸ್ಕ್, ಆರ್‌ಸಿಸಿಬಿ ಪೆಟ್ಟಿಗೆಗೆ ಬೇರೆಯೇ ಒಂದು ಸಾಲು ಇರುತ್ತದೆ. ಚೌಕಾಸಿ ಶುರುವಾಗುವುದು ಅಲ್ಲಿಂದಲೇ. ಬೇರೆಯವರು ಕಡಿಮೆಗೆ ಒಪ್ಪಿದ್ದಾರೆ ಎಂದಾಗ, ಅವರ ಚೀಟಿ ತರಿಸಿ ಆ ಸಾಲು ಇದೆಯೇ ನೋಡಿ ಎನ್ನುತ್ತೇನೆ. ಅಲ್ಲಿ ಇಲ್ಲದಿದ್ದರೆ, ಆ ಸಾಮಾನು ಎಲ್ಲಿಂದ ಬರುತ್ತದೆ ಎಂದು ಅವರನ್ನೇ ಕೇಳಿ ಎಂದು ಹೇಳಿ ಎದ್ದು ಬರುತ್ತೇನೆ. ಕೆಲವರು ಮಾರನೇ ದಿನ ಫೋನ್ ಮಾಡುತ್ತಾರೆ.