ಗುಂಡಗಿದ್ದದ್ದೆಲ್ಲ ರಕ್ತಕಣವಲ್ಲ

ಬಾಪೂಜಿ ನಗರದ ಲ್ಯಾಬ್‌ನಲ್ಲಿ ಮೂತ್ರದ ಸ್ಲೈಡ್ ನೋಡುತ್ತ ಕಲಿತ ನಾಲ್ಕು ಮಾತು, ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ. ಈಸ್ಟನ್ನು ರಕ್ತಕಣ ಎಂದು ಬರೆದರೆ ರೋಗಿ ಕಿಡ್ನಿ ಕಲ್ಲಿನ ಭಯದಲ್ಲಿ ಸ್ಕ್ಯಾನಿಂಗ್‌ಗೆ ಓಡಬೇಕಾಗುತ್ತದೆ. ರಕ್ತಕಣವನ್ನು ಈಸ್ಟ್ ಎಂದರೆ ಇನ್ನೂ ಕೆಟ್ಟದ್ದು: ಹುಡುಕಲೇಬೇಕಾದ ಕಾಯಿಲೆ ಹಾಗೇ ಉಳಿದುಬಿಡುತ್ತದೆ.

1. ಮಾದರಿ ಎಷ್ಟು ಹೊತ್ತಿಗೆ ಹಿಡಿದದ್ದು ಎಂದು ಕೇಳಿ. ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದು ಬರುವ ರಾಮನಗರ, ಚನ್ನಪಟ್ಟಣದ ಕಡೆಯವರು ಮನೆಯಲ್ಲೇ ಡಬ್ಬಿ ತುಂಬಿಸಿಕೊಂಡು ಬಂದಿರಬಹುದು. ಹೊತ್ತಾದಂತೆ ಈಸ್ಟ್ ಹೆಚ್ಚುತ್ತದೆ, ರಕ್ತಕಣ ಒಡೆಯುತ್ತದೆ. 2 ಗಂಟೆ ಮೀರಿದ್ದರೆ ಹೊಸ ಮಾದರಿ ಕೇಳಿ.

2. ಕಂಡೆನ್ಸರ್ ಇಳಿಸಿ. ಬೆಳಕು ಜಾಸ್ತಿಯಾದರೆ ಎರಡೂ ಕಾಣವು.

3. ಮೊಗ್ಗು ಹುಡುಕಿ. ರಕ್ತಕಣ ಸುಮಾರು 7 ಮೈಕ್ರಾನ್, ನಸುಹಳದಿ, ನಡುವೆ ತಗ್ಗು. ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರ. ಈಸ್ಟಿಗೆ ಬಣ್ಣವಿಲ್ಲ, ಹೊಳಪು ಹೆಚ್ಚು, ಆಕಾರ ಮೊಟ್ಟೆಯದು. ಚಿಕ್ಕದು ದೊಡ್ಡದು ಪಕ್ಕಪಕ್ಕದಲ್ಲೇ ಇರುತ್ತವೆ. ಕೆಲವುಗಳ ತುದಿಯಲ್ಲಿ ಸಣ್ಣ ಉಬ್ಬೊಂದು ಮೊಳೆತಿರುತ್ತದೆ. ಎರಡು ರಕ್ತಕಣ ಒರಗಿಕೊಂಡರೂ ಹಾಗೇ ಕಂಡೀತು. ಆಗ ಕವರ್ ಸ್ಲಿಪ್ಪಿನ ಅಂಚನ್ನು ಮೆಲ್ಲಗೆ ತಟ್ಟಿ, ಫೈನ್ ಫೋಕಸ್ ತಿರುಗಿಸುತ್ತ ನೋಡಿ. ಒರಗಿದ್ದವು ಸಾಮಾನ್ಯವಾಗಿ ಬೇರೆಯಾಗುತ್ತವೆ, ಅಡ್ಡಲಾಗಿ ಮಗುಚಿದಾಗ ತೆಳ್ಳಗೆ ಕಾಣುತ್ತವೆ. ಮೊಗ್ಗು ಮಾತ್ರ ತಾಯಿಕಣದ ಜೊತೆಗೇ ಉರುಳುತ್ತದೆ.

4. ಆದರೂ ಅನುಮಾನವೇ? ಅದೇ ಗಸಿಯಿಂದ ಇನ್ನೊಂದು ಸ್ಲೈಡ್ ಮಾಡಿ, 2% ಅಸಿಟಿಕ್ ಆಮ್ಲದ ಒಂದು ಹನಿ ಸೇರಿಸಿ. ಕೆಂಪು ರಕ್ತಕಣಗಳು ಕರಗುತ್ತವೆ, ಈಸ್ಟ್ ಅಲ್ಲಾಡುವುದಿಲ್ಲ. ಬಿಳಿ ರಕ್ತಕಣಗಳೂ ಉಳಿಯುತ್ತವೆ, ಅವುಗಳ ನ್ಯೂಕ್ಲಿಯಸ್ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊದಲ ಸ್ಲೈಡ್ ಎಸೆಯಬೇಡಿ, ಎರಡನ್ನೂ ಹೋಲಿಸಿ. ಇಷ್ಟು ಅಗ್ಗದ, ಇಷ್ಟು ಖಚಿತವಾದ ಪರೀಕ್ಷೆಯನ್ನು ಗಡಿಬಿಡಿಯಲ್ಲಿ ಬಿಟ್ಟುಬಿಡುವುದು ನನಗೆ ಸಹಿಸಲಾಗದ ಸಂಗತಿ.

5. ಸ್ಲೈಡ್ ತುಂಬ ‘ರಕ್ತಕಣ’ ಇದ್ದು ಸ್ಟ್ರಿಪ್‌ನಲ್ಲಿ ರಕ್ತ ನೆಗೆಟಿವ್ ಬಂದರೆ ವರದಿ ಬರೆಯುವ ಕೈ ತಡೆಯಿರಿ. ಸ್ಟ್ರಿಪ್ಪನ್ನೇ ಪೂರ್ತಿ ನಂಬಲೂ ಆಗದು: ವಿಟಮಿನ್ ಸಿ ಮಾತ್ರೆ ನುಂಗಿದವರಲ್ಲಿ ರಕ್ತವಿದ್ದೂ ನೆಗೆಟಿವ್ ಬರಬಹುದು, ನೀರಾದ ಮೂತ್ರದಲ್ಲಿ ಕಣಗಳು ಒಡೆದು, ಸ್ಲೈಡಿನಲ್ಲಿ ಏನೂ ಇಲ್ಲದೆ ಪಾಸಿಟಿವ್ ಬರಬಹುದು.

6. ಈಸ್ಟ್ ಕಂಡರೆ ಸಕ್ಕರೆಯ ಕಡೆಗೂ ಕಣ್ಣು ಹಾಯಿಸಿ. ಡಯಾಬಿಟಿಸ್ ಇರುವವರಲ್ಲಿ, ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಅಪರೂಪವಲ್ಲ. ಹೆಂಗಸರ ಮಾದರಿಗೆ ಬಿಳಿಸೆರಗಿನಿಂದಲೂ ಬೆರೆತೀತು. ಸೋಂಕು ಹೌದೋ ಅಲ್ಲವೋ ಎಂಬುದು ಡಾಕ್ಟರಿಗೆ ಬಿಟ್ಟದ್ದು. ಮೊಗ್ಗು ಕಂಡಿತೇ, ಉದ್ದನೆಯ ಎಳೆಗಳಿದ್ದವೇ, ಕ್ಯಾತಿಟರ್ ಹಾಕಿದವರ ಮಾದರಿಯೇ ಎಂಬುದನ್ನು ಮಾತ್ರ ವರದಿಯಲ್ಲಿ ತಪ್ಪದೆ ಬರೆಯಿರಿ.