ತೆರೆಯದ ಇಂಧನ ಮುಚ್ಚಳ: ದೋಷ ಎಲ್ಲಿದೆ, ಬಿಡಿಸುವುದು ಹೇಗೆ?



ಟ್ರ್ಯಾಕ್ಟರಿನ ಎಣ್ಣೆ ಬದಲಿಸುವುದನ್ನು ನೀವು ಮರೆಯುವುದಿಲ್ಲ. ಸಿಂಪರಣಾ ಯಂತ್ರದ ನಾಜಲ್ಲನ್ನು ತೊಳೆದು ತೆಗೆದಿಡುತ್ತೀರಿ. ಆದರೆ ಮನೆಯ ಕಾರನ್ನು ಕೃಷಿ ಉಪಕರಣಗಳ ಸಾಲಿಗೆ ಸೇರಿಸುವವರು ಕಡಿಮೆ. ಗೊಬ್ಬರದ ಚೀಲ, ಮೈಲುತುತ್ತ, ಸುಣ್ಣ, ಹಿಂಡಿ, ಅಡಿಕೆ ಸಸಿ ಎಲ್ಲವೂ ಇಂದು ಅದರ ಡಿಕ್ಕಿಯಲ್ಲಿಯೇ ಬರುತ್ತವೆ. ಬೇಸಾಯಶಾಸ್ತ್ರದವನಾದ ನಾನು ಕಾರಿನ ಮುಚ್ಚಳದ ವಿಷಯಕ್ಕೆ ಕೈಹಾಕಲು ಆ ಡಿಕ್ಕಿಯೇ ಕಾರಣ.

ಒಂದು ಮಳೆಗಾಲದ ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ತಮ್ಮ ತಂದೆಯವರನ್ನು ಡಯಾಲಿಸಿಸ್‌ಗಾಗಿ ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದರು. ಸುಮಾರು 60 ಕಿಲೋಮೀಟರು ದಾರಿ. ಪೆಟ್ರೋಲ್ ಬಂಕಿನಲ್ಲಿ ಲಿವರ್ ಎಳೆದರೆ ಮುಚ್ಚಳ ಏಳಲೊಲ್ಲದು. ಇನ್ನೂ ಬಲವಾಗಿ ಎಳೆದರು, ಒಳಗೆ ಏನೋ ತುಂಡಾದ ಸದ್ದಾಯಿತು. ಯಾರೋ ಸ್ಕ್ರೂ ಡ್ರೈವರ್ ತಂದು ಮೀಟಿದರು. ತಗಡು ಬಾಗಿತು, ಬಣ್ಣ ಕಿತ್ತು ಬಂತು, ಮುಚ್ಚಳ ಮಾತ್ರ ಅಲ್ಲಿಯೇ ಇತ್ತು. ಅದೇ ಬಂಕಿನಲ್ಲಿದ್ದ ನಮ್ಮ ವಾಹನದಲ್ಲಿ ಅವರಿಬ್ಬರನ್ನೂ ಕಳುಹಿಸಿಕೊಟ್ಟೆವು. ವಾಹನ ಸಿಗದಿದ್ದರೆ? ಡಯಾಲಿಸಿಸ್‌ನ ಸರದಿ ಮುಚ್ಚಳಕ್ಕಾಗಿ ಕಾಯುವುದಿಲ್ಲ. ಎರಡು ನಿಮಿಷ ತಾಳ್ಮೆಯಿಂದ ನೋಡಿದ್ದರೆ ಆ ಕೇಬಲ್ಲು ತುಂಡಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ರಚನೆ

ಇಲ್ಲಿ ಮುಚ್ಚಳವೆಂದರೆ ಹೊರಗಿನ ತಗಡಿನ ಬಾಗಿಲು. ಒಳಗೆ ತಿರುಗಿಸಿ ತೆಗೆಯುವ ಕ್ಯಾಪ್ ಬೇರೆ. ನಮ್ಮಲ್ಲಿರುವ ಬಹುಪಾಲು ಕಾರುಗಳಲ್ಲಿ ಚಾಲಕನ ಆಸನದ ಬದಿಯಲ್ಲಿ, ನೆಲದ ಹತ್ತಿರ, ಒಂದು ಚಿಕ್ಕ ಲಿವರ್ ಇರುತ್ತದೆ. ಅಲ್ಲಿಂದ ಸೈಕಲ್ಲಿನ ಬ್ರೇಕು ವೈರಿನಂಥದೇ ಒಂದು ಕೇಬಲ್ಲು, ಕೊಳವೆಯೊಳಗೆ, ನೆಲಹಾಸಿನ ಅಡಿಯಲ್ಲಿ ಹಾಯ್ದು ಹಿಂಬದಿಗೆ ಹೋಗುತ್ತದೆ. ಅದರ ತುದಿಯಲ್ಲಿರುವ ಪಿನ್ನು ಮುಚ್ಚಳವನ್ನು ಹಿಡಿದಿರುತ್ತದೆ. ಲಿವರ್ ಎಳೆದಾಗ ಪಿನ್ನು ಹಿಂದೆ ಸರಿಯುತ್ತದೆ, ಒಂದು ಸಣ್ಣ ಸ್ಪ್ರಿಂಗು ಪಟ್ಟಿ ಮುಚ್ಚಳವನ್ನು ಹೊರಕ್ಕೆ ತಳ್ಳುತ್ತದೆ. ಬಿಡಿಸುವುದು ಕೇಬಲ್ಲಿನ ಕೆಲಸ, ತಳ್ಳುವುದು ಸ್ಪ್ರಿಂಗಿನ ಕೆಲಸ. ಇವೆರಡನ್ನೂ ಬೇರೆಬೇರೆಯಾಗಿ ತಿಳಿದರೆ ಅರ್ಧ ರಿಪೇರಿ ಆದಂತೆ.

ಕೈಯಿಂದಲೇ ದೋಷ ತಿಳಿಯಿರಿ

ಮೊದಲು ಲಿವರನ್ನು ಮೆಲ್ಲಗೆ ಎಳೆದು ಕೈಗೆ ಹೇಗೆ ಸಿಗುತ್ತದೆ ನೋಡಿ. ಎಂದಿನಂತೆಯೇ ಎಳೆತ ಬಂದು ಹಿಂದೆ ‘ಟಕ್’ ಎಂದರೂ ಮುಚ್ಚಳ ಏಳದಿದ್ದರೆ ಕೇಬಲ್ಲು ಸರಿಯಾಗಿದೆ. ಸ್ಪ್ರಿಂಗು ಪಟ್ಟಿ ಸೋತಿದೆ ಅಥವಾ ಕಳಚಿ ಬಿದ್ದಿದೆ, ಇಲ್ಲವೇ ಒಣಗಿದ ಕೆಸರು ಅಂಚನ್ನು ಹಿಡಿದುಕೊಂಡಿದೆ. ಇದೇ ಹೆಚ್ಚು ಕಾಣುವ ದೋಷ, ಇದೇ ಅತಿ ಸುಲಭದ್ದೂ ಹೌದು. ಇಬ್ಬರು ಬೇಕು. ಒಬ್ಬರು ಲಿವರನ್ನು ಎಳೆದು ಹಿಡಿದಿರಲಿ. ಇನ್ನೊಬ್ಬರು ಅಂಗೈಯಿಂದ ಮುಚ್ಚಳವನ್ನು ಒಳಕ್ಕೆ ಮೆತ್ತಗೆ ಒತ್ತಿ ಬಿಡಬೇಕು. ಒತ್ತಿದಾಗ ಪಿನ್ನಿನ ಮೇಲಿನ ಬಿಗಿತ ತಪ್ಪುತ್ತದೆ. ನಾಲ್ಕಾರು ಬಾರಿ ಹೀಗೆ ಮಾಡಿದರೂ ಏಳದಿದ್ದರೆ, ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ಸಂದಿಗೆ ತೂರಿಸಿ, ಲಿವರ್ ಎಳೆದ ಸ್ಥಿತಿಯಲ್ಲಿಯೇ, ಹೊರಕ್ಕೆ ಎತ್ತಿ. ಲಿವರ್ ಬಿಟ್ಟು ಎತ್ತಿದರೆ ಪ್ರಯೋಜನವಿಲ್ಲ, ಪಿನ್ನು ಹಿಡಿದೇ ಇರುತ್ತದೆ.

ಲಿವರ್ ಕಲ್ಲಿನಂತೆ ಬಿಗಿಯಾಗಿದ್ದರೆ ಕೇಬಲ್ಲು ಕೊಳವೆಯೊಳಗೆ ತುಕ್ಕಿನಿಂದ ಕಚ್ಚಿಕೊಂಡಿದೆ, ಅಥವಾ ಪಿನ್ನು ಜಾಮಾಗಿದೆ. ಇಲ್ಲಿ ಬಲಪ್ರಯೋಗ ಸಲ್ಲದು. ನಮ್ಮ ಬೆಳೆಗಾರರು ತಪ್ಪಿದ್ದು ಇಲ್ಲಿಯೇ.

ಲಿವರ್ ಸಡಿಲವಾಗಿ, ಏನೂ ಹಿಡಿತವಿಲ್ಲದೆ ಮೇಲೆ ಬಂದರೆ ಕೇಬಲ್ಲು ತುಂಡಾಗಿದೆ, ಇಲ್ಲವೇ ತುದಿಯ ಗುಂಡು ಲಿವರಿನಿಂದ ಜಾರಿದೆ. ಜಾರಿದ್ದಾದರೆ ಲಿವರಿನ ಹೊದಿಕೆ ಬಿಚ್ಚಿದಾಗ ವೈರಿನ ತುದಿ ಕಾಣುತ್ತದೆ. ಇಕ್ಕಳದಿಂದ ಹಿಡಿದು ನೇರವಾಗಿ ಎಳೆಯಿರಿ.

ಕೊನೆಯ ಎರಡೂ ಸಂದರ್ಭಗಳಲ್ಲಿ ನೆರವಿಗೆ ಬರುವುದು ಡಿಕ್ಕಿ. ಮುಚ್ಚಳವಿರುವ ಬದಿಯಲ್ಲಿ ಡಿಕ್ಕಿಯ ಒಳಹೊದಿಕೆಯನ್ನು ಸರಿಸಿದರೆ ಹಲವು ಕಾರುಗಳಲ್ಲಿ ಪಿನ್ನಿನ ಹಿಂತುದಿ ಕೈಗೆ ಎಟಕುತ್ತದೆ. ಟಾರ್ಚ್ ಹಿಡಿದು ನೋಡಿ, ಅದನ್ನು ಹಿಂದಕ್ಕೆ ಎಳೆಯಬೇಕು. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆಯ ಕೆಲವು ಹನಿ ಬಿಟ್ಟು ಹತ್ತು ನಿಮಿಷ ಕಾಯಿರಿ.

ಹೊಸ ಕಾರುಗಳಲ್ಲಿ ಲಿವರೇ ಇರದೆ, ಬಾಗಿಲುಗಳ ಸೆಂಟ್ರಲ್ ಲಾಕಿನ ಜೊತೆಗೆ ಒಂದು ಪುಟ್ಟ ಮೋಟಾರು ಪಿನ್ನನ್ನು ಸರಿಸುವ ವ್ಯವಸ್ಥೆಯೂ ಉಂಟು. ಕೆಲವು ಕಾರುಗಳಲ್ಲಿ ಕೀಲಿಯ ಗುಂಡಿಯನ್ನು ಒಮ್ಮೆ ಒತ್ತಿದರೆ ಚಾಲಕನ ಬಾಗಿಲು ಮಾತ್ರ ತೆರೆಯುತ್ತದೆ. ಎರಡನೆಯ ಬಾರಿ ಒತ್ತಿ ನೋಡಿ. ಲಾಕು ಮಾಡಿ ತೆಗೆಯುವಾಗ ಮುಚ್ಚಳಕ್ಕೆ ಕಿವಿಗೊಡಿ. ಮೋಟಾರಿನ ಸದ್ದು ಬಂದರೆ ಪಿನ್ನಿಗೆ ಕೊಳೆ ಹಿಡಿದಿದೆ. ಸದ್ದೇ ಇಲ್ಲವಾದರೆ ಫ್ಯೂಸ್, ಬ್ಯಾಟರಿ ಅಥವಾ ಮೋಟಾರನ್ನು ಪರೀಕ್ಷಿಸಬೇಕು. ಇಂಥ ಕೆಲವು ಕಾರುಗಳ ಡಿಕ್ಕಿಯೊಳಗೆ ತುರ್ತಿಗೆಂದೇ ಎಳೆಯುವ ದಾರವಿರುತ್ತದೆ. ಎಲ್ಲಿದೆಯೆಂಬುದನ್ನು ಕಾರಿನ ಕೈಪಿಡಿಯಲ್ಲಿ ಇಂದೇ ನೋಡಿಟ್ಟುಕೊಳ್ಳಿ.

ಏನೇ ಮಾಡುವುದಾದರೂ ಬೀಡಿ, ಬೆಂಕಿಪೊಟ್ಟಣ, ಕಾಯಿಸಿದ ಕಬ್ಬಿಣ, ಡ್ರಿಲ್ಲು ಹತ್ತಿರ ಬರಕೂಡದು. ಟ್ಯಾಂಕು ಖಾಲಿಯಿದ್ದರೆ ಅಪಾಯವಿಲ್ಲ ಎಂದು ತಿಳಿಯುವುದು ತಪ್ಪು; ಹೊತ್ತಿಕೊಳ್ಳುವುದು ಪೆಟ್ರೋಲಿನ ಆವಿ.

ಕಚ್ಚಿಕೊಳ್ಳಲು ಕಾರಣವೇನು?

ಆ ಬೆಳೆಗಾರರ ಕಾರಿನ ಡಿಕ್ಕಿಯನ್ನು ಆಮೇಲೆ ಬಿಚ್ಚಿಸಿದಾಗ ನಾನೂ ನೋಡಿದೆ. ನೆಲಹಾಸಿನ ಅಡಿಯಲ್ಲಿ ಬಿಳಿಯ ಮತ್ತು ನೀಲಿಯ ಹರಳುಗಳು, ಅವುಗಳ ಸುತ್ತ ಕರಗಿದ ನೀರಿನ ಪಸೆ. ಕೇಬಲ್ಲಿನ ಹಿಂತುದಿ ಇದ್ದುದು ಅದರ ಪಕ್ಕದಲ್ಲಿಯೇ.

ಕೊಳೆರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣ ಮಾಡುವಾಗ ನೀವು 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು ಬಳಸುತ್ತೀರಿ. ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ಹೊಳೆಯುವ ಕತ್ತಿಯ ತುದಿಯನ್ನು ಅದ್ದುತ್ತೀರಿ. ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಆ ಕೆಂಪು ತಾಮ್ರ. ಅದು ಕೂರುವಾಗ ಅಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಮೈಲುತುತ್ತಕ್ಕೆ ಕಬ್ಬಿಣದ ಪಾತ್ರೆ ಬೇಡವೆನ್ನುವುದು ಇದಕ್ಕಾಗಿಯೇ. ಕತ್ತಿಗೆ ಆಗುವುದು ಡಿಕ್ಕಿಯೊಳಗಿನ ತಂತಿಗೆ, ಪಿನ್ನಿಗೆ ಆಗದಿರುತ್ತದೆಯೇ? ಬಿಳಿಯ ಹರಳು ಗೊಬ್ಬರದ್ದು. ಯೂರಿಯಾ ಗಾಳಿಯ ತೇವವನ್ನು ಹೀರಿ ನೀರಾಗುತ್ತದೆ. ಮ್ಯುರೇಟ್ ಆಫ್ ಪೊಟ್ಯಾಷ್‌ನಲ್ಲಿ ತೂಕದ ಅರ್ಧಕ್ಕೆ ಸಮೀಪ ಕ್ಲೋರೈಡ್. ಅಡುಗೆ ಉಪ್ಪಿನಂತೆಯೇ ಇದೂ ಕಬ್ಬಿಣದ ತುಕ್ಕನ್ನು ಹೆಚ್ಚಿಸುತ್ತದೆ. ಮಲೆನಾಡಿನ ಜೂನ್, ಜುಲೈ ತೇವದಲ್ಲಿ ಒಂದು ಹರಿದ ಚೀಲ ಸಾಕು.

ಆದ್ದರಿಂದ ಗೊಬ್ಬರ ತರುವಾಗ ಡಿಕ್ಕಿಯಲ್ಲಿ ಅಂಚು ಮೇಲಕ್ಕೆ ಮಡಿಚಿದ ದಪ್ಪ ತಾಡಪಾಲು ಹಾಸಿ. ಮೈಲುತುತ್ತವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ ತನ್ನಿ; ಮಕ್ಕಳು ಕೂರುವ ಕಾರಿನಲ್ಲಿ ಇದನ್ನು ಬಿಡಿಯಾಗಿ ತರುವುದು ಬೇರೆ ಕಾರಣಕ್ಕೂ ತಪ್ಪು. ಚೆಲ್ಲಿದ್ದನ್ನು ಮೊದಲು ಒಣಗಿದ್ದಾಗಲೇ ಗುಡಿಸಿ ತೆಗೆದು, ನಂತರ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಪೈಪು ಹಿಡಿದು ತೊಳೆದರೆ ಉಪ್ಪುನೀರು ಮೂಲೆಗಳಿಗೆ ಇಳಿಯುತ್ತದೆ.

ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪಿನ್ನಿಗೂ ಮುಚ್ಚಳದ ತಿರುಗಣಿಗೂ ಸ್ವಲ್ಪ ಗ್ರೀಸ್ ಸವರಿ. ಕೇಬಲ್ಲಿನ ತುದಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು. ರಬ್ಬರಿಗೆ ಎಣ್ಣೆ ತಗಲದಿರಲಿ. ಮುಚ್ಚಳದ ಒಳಗಿನ ಗುಂಡಿಯ ತಳದಲ್ಲಿ ನೀರು ಹೋಗಲು ಒಂದು ಸಣ್ಣ ರಂಧ್ರವಿರುತ್ತದೆ. ಅದು ಕೆಸರಿನಿಂದ ಕಟ್ಟಿದರೆ ನೀರು ನಿಂತು ಪಿನ್ನು ತುಕ್ಕಾಗುತ್ತದೆ, ಕ್ಯಾಪ್ ತೆಗೆದಾಗ ಟ್ಯಾಂಕಿಗೂ ಇಳಿಯಬಹುದು. ಹಿಡಿಸೂಡಿಯ ಕಡ್ಡಿಯಿಂದ ಬಿಡಿಸಿ. ಕ್ಯಾಪ್ ಭದ್ರವಾಗಿ ತಿರುಗಿಸಿದ ಮೇಲೆ ಅರ್ಧ ಲೋಟ ನೀರು ಹಾಕಿ ನೋಡಿದರೆ ಅದು ಚಕ್ರದ ಬಳಿ ಕೆಳಗೆ ಹನಿಯಬೇಕು.