ಹಣ್ಣಿನ ನೊಣ ಮತ್ತು ರೇಷ್ಮೆಹುಳು: ಜೀವಕೋಶದ ಒಂದು ಪಾಠ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ಸೀಮೆಯಿಂದ ನಮ್ಮ ಶಾಲೆಗೆ ಬರುವ ಬಾಲಿಕೆಯರಲ್ಲಿ ಅನೇಕರು ರೇಷ್ಮೆ ಸಾಕುವ ಮನೆತನಗಳವರು. ಚಾಕಿಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುವುದನ್ನೂ, ಜ್ವರಕ್ಕೆ ಕುಳಿತ ಹುಳುವಿಗೆ ಸೊಪ್ಪು ಹಾಕಬಾರದೆಂಬುದನ್ನೂ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡತಕ್ಕ ಹೊತ್ತನ್ನೂ ಅವರಿಗೆ ನಾವು ಕಲಿಸಬೇಕಾದುದಿಲ್ಲ. ಅವರೇ ನಮಗೆ ಕಲಿಸಬಲ್ಲರು. ಆದರೆ ಅಷ್ಟು ಸಣ್ಣ ಹುಳುವಿನ ಒಡಲಿನಲ್ಲಿ ಅಷ್ಟು ನೂಲು ಹುಟ್ಟುವ ಬಗೆ ಹೇಗೆಂದು ಕೇಳಿದರೆ ಮನೆಯ ಹಿರಿಯರೂ ಸುಮ್ಮನಾಗುವುದುಂಟು. ಆದಕಾರಣ ಹಳೆಯ ವಿದ್ಯಾರ್ಥಿನಿಯರೂ ತಂದೆತಾಯಿಗಳೂ ಓದತಕ್ಕ ಈ ಸಂಚಿಕೆಯಲ್ಲಿ ಆ ವಿಷಯವನ್ನೇ ಪಾಠವಾಗಿ ಇಡುತ್ತೇವೆ.

ಪ್ರಾಣಿಗಳ ದೇಹವು ಜೀವಕೋಶಗಳಿಂದಾದುದು. ಕೋಶದ ನಡುವಿನ ಡಿ.ಎನ್.ಎ. ಎಂಬ ನೀಳವಾದ ಎಳೆಯಲ್ಲಿ ಆ ಪ್ರಾಣಿಯ ರಚನೆಗೆ ಬೇಕಾದ ವಿವರಗಳು ಅಡಗಿವೆ. ಒಂದು ಕೋಶವು ಎರಡಾಗುವುದಕ್ಕೆ ಮೊದಲು ಈ ಎಳೆಗೆ ಒಂದು ಪ್ರತಿ ಸಿದ್ಧವಾಗಬೇಕು. ಆ ಪ್ರತಿ ಪೂರ್ತಿಯಾಗಿ ಆಗಬೇಕು, ಒಂದೇ ಸಾರಿ ಆಗಬೇಕು. ಅರ್ಧಕ್ಕೆ ನಿಂತರೂ ಕೆಡುಕು, ಎರಡು ಸಾರಿ ನಡೆದರೂ ಕೆಡುಕು. ಈ ಶಿಸ್ತನ್ನು ಕಾಯುವವು ಪ್ರೋಟೀನುಗಳು. ಪ್ರೋಟೀನೆಂದರೆ ಬೇಳೆಯಲ್ಲಿಯೂ ಮೊಟ್ಟೆಯಲ್ಲಿಯೂ ಇರುವ ಪುಷ್ಟಿಯೆಂದಷ್ಟೇ ತಿಳಿಯಬಾರದು. ಕೋಶದೊಳಗೆ ದುಡಿಯುವ ಆಳುಗಳೂ ಅವೇ, ಮೇಸ್ತ್ರಿಗಳೂ ಅವೇ.

ವಿದ್ವಾಂಸರು ಇದನ್ನು ಯೀಸ್ಟಿನಿಂದಲೂ, ಬಾಳೆಹಣ್ಣಿಗೆ ಮುತ್ತುವ ಪುಟ್ಟ ಹಣ್ಣಿನ ನೊಣದಿಂದಲೂ ಬಹುಮಟ್ಟಿಗೆ ಕಲಿತರು. (ರೇಷ್ಮೆಮನೆಯವರ ವೈರಿಯಾದ ಊಜಿ ನೊಣವು ಬೇರೆ, ಆ ಹೆಸರು ಕೇಳಿದೊಡನೆ ನಮ್ಮ ತರಗತಿಗಳಲ್ಲಿ ಗದ್ದಲವೇಳುತ್ತದೆ.) ಡ್ರೊಸೋಫಿಲ ಎಂಬ ಈ ನೊಣದ ತಳಿಗಳನ್ನು ಕಾಪಾಡುವ ಕೇಂದ್ರವೊಂದು ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ. ಇದಕ್ಕೆ ವರ್ಣತಂತುಗಳು ನಾಲ್ಕೇ ಜೊತೆ. ಮೊಟ್ಟೆಯಿಂದ ನೊಣವಾಗುವುದಕ್ಕೆ ಹತ್ತು ದಿನ ಸಾಕು.

ಪ್ರತಿ ತೆಗೆಯುವ ಕ್ರಮ ಹೀಗೆ. ಎಳೆಯ ಉದ್ದಕ್ಕೂ ಕೆಲಸವನ್ನು ಆರಂಭಿಸತಕ್ಕ ಸಾವಿರಾರು ಸ್ಥಾನಗಳಿವೆ. ಅಲ್ಲಿ ಮೊದಲು ಬಂದು ಕೂರುವುದು ಆರು ಪ್ರೋಟೀನುಗಳ ಒಂದು ಕೂಟ. ಇದರ ಹೆಸರು ಓ.ಆರ್.ಸಿ. ಯೀಸ್ಟಿನಲ್ಲಿ ಇದನ್ನು 1992ರಲ್ಲಿ ಸ್ಟೀಫನ್ ಬೆಲ್ ಮತ್ತು ಬ್ರೂಸ್ ಸ್ಟಿಲ್‌ಮನ್ ಎಂಬವರು ಪ್ರಕಟಪಡಿಸಿದರು. ಸಿ.ಡಿ.ಸಿ.6, ಸಿ.ಡಿ.ಟಿ.1 ಎಂಬ ಇನ್ನೆರಡು ಪ್ರೋಟೀನುಗಳು ಈ ಕೂಟದೊಡನೆ ಸೇರಿ, ಎಂ.ಸಿ.ಎಂ. ಎಂಬ ಬಳೆಯನ್ನು ಎಳೆಗೆ ತೊಡಿಸುತ್ತವೆ. ಚನ್ನಪಟ್ಟಣದ ಆಟಿಕೆಯಲ್ಲಿ ಕಡ್ಡಿಗೆ ಬಣ್ಣದ ಬಳೆಗಳನ್ನು ಪೋಣಿಸಿರುವುದನ್ನು ನೆನೆದುಕೊಂಡರೆ ಚಿತ್ರವು ಸರಿಯಾಗುತ್ತದೆ. ಬಳ��ಕ ಸೈಕ್ಲಿನ್ ಇ ಎಂಬ ಪ್ರೋಟೀನು ತನ್ನ ಜೊತೆಗಾರನೊಡನೆ ಅಪ್ಪಣೆ ಕೊಟ್ಟಾಗ ಬಳೆಗಳು ಹೊರಟು ಎಳೆಯ ಹುರಿಯನ್ನು ಬಿಚ್ಚುತ್ತ ಸಾಗುತ್ತವೆ. ಹಿಂದೆಯೇ ಪ್ರತಿ ಸಿದ್ಧವಾಗುತ್ತದೆ. ಕೆಲಸ ಆರಂಭವಾದ ಮೇಲೆ ಸಿ.ಡಿ.ಟಿ.1 ನಾಶವಾಗುತ್ತದೆ, ಉಳಿದುದನ್ನು ಜೆಮಿನಿನ್ ಎಂಬ ಕಾವಲುಗಾರನು ಹಿಡಿದಿಡುತ್ತಾನೆ. ಹೀಗಾಗಿ ಅದೇ ಸುತ್ತಿನಲ್ಲಿ ಇನ್ನೊಂದು ಬಳೆ ತೊಡಿಸುವಂತಿಲ್ಲ. ಹಾಜರಿ ಪುಸ್ತಕದಲ್ಲಿ ಒಬ್ಬಳ ಹೆಸರಿಗೆ ದಿನಕ್ಕೆ ಒಂದೇ ಗುರುತು ಬೀಳುವಂತೆ ಈ ಏರ್ಪಾಡು.

ವೇಗವನ್ನು ಕಾಯುವವರೂ ಉಂಟು. ನೊಣದ ಮೊಟ್ಟೆಯೊಳಗೆ ಮೊದಲಿನ ಸುತ್ತುಗಳಲ್ಲಿ ಇಡೀ ಡಿ.ಎನ್.ಎ.ಗೆ ಪ್ರತಿಯಾಗುವುದಕ್ಕೆ ಮೂರು ನಾಲ್ಕು ನಿಮಿಷಗಳೇ ಸಾಕು! ಹದಿನಾಲ್ಕನೆಯ ಸುತ್ತಿಗೆ ಅದು ಸುಮಾರು ಒಂದು ಗಂಟೆಯ ಕೆಲಸವಾಗುತ್ತದೆ. ಹೀಗೆ ನಿಧಾನಗೊಳಿಸುವುದರಲ್ಲಿ ರಿಫ್1 ಎಂಬ ಪ್ರೋಟೀನಿಗೆ ಮುಖ್ಯ ಪಾತ್ರವಿದೆಯೆಂದು 2018ರಲ್ಲಿ ತಿಳಿದುಬಂತು.

ತಾಯಂದಿರಿಗೆ ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಮೇಲೆ ಹೇಳಿದ ಓ.ಆರ್.ಸಿ. ಮೊದಲಾದ ಪ್ರೋಟೀನುಗಳ ಜೀನುಗಳಲ್ಲಿ ದೋಷವಿದ್ದರೆ ಮನುಷ್ಯರಲ್ಲಿ ಮೈಯರ್-ಗಾರ್ಲಿನ್ ಎಂಬ ಅಪೂರ್ವವಾದ ರೋಗ ಉಂಟಾಗುವುದೆಂದು 2011ರಲ್ಲಿ ಗೊತ್ತಾಯಿತು. ಅಂಥ ಮಗುವು ಬಹು ಗಿಡ್ಡವಾಗಿ, ಸಣ್ಣ ಕಿವಿಗಳುಳ್ಳದ್ದಾಗಿ, ಮೊಣಕಾಲಿನ ಚಿಪ್ಪು ಸಣ್ಣದಾಗಿಯೋ ಇಲ್ಲದೆಯೋ ಹುಟ್ಟುತ್ತದೆ. ಮಗು ಬೆಳೆಯದಿದ್ದರೆ ಬಸುರಿನಲ್ಲಿ ತಾಯಿ ಪಥ್ಯ ತಪ್ಪಿದಳೆಂದು ದೂರುವ ನೆರೆಹೊರೆಯವರು ನಮ್ಮಲ್ಲಿ ಕಡಿಮೆಯಿಲ್ಲ. ಈ ರೋಗದಲ್ಲಿ ಆ ದೂರಿಗೆ ಆಧಾರವೇ ಇಲ್ಲ.

ಇನ್ನು ರೇಷ್ಮೆಹುಳುವಿನ ಸಂಗತಿ. ಹುಳುವಿನ ಎರಡೂ ಪಕ್ಕಗಳಲ್ಲಿ ಒಂದೊಂದು ರೇಷ್ಮೆಗ್ರಂಥಿಯಿದೆ. ಫೈಬ್ರೋಯಿನ್ ಎಂಬ ನೂಲಿನ ಪ್ರೋಟೀನನ್ನು ಸ್ರವಿಸುವ ಹಿಂಭಾಗದಲ್ಲಿ ಕೋಶಗಳು ಸುಮಾರು 500 ಮಾತ್ರ. ವಿಚಿತ್ರವೇನೆಂದರೆ, ಹುಳು ಮೊಟ್ಟೆಯಿಂದ ಹೊರಬರುವ ಮೊದಲೇ ಈ ಕೋಶಗಳು ಇಬ್ಭಾಗವಾಗುವುದನ್ನು ನಿಲ್ಲಿಸಿಬಿಟ್ಟಿರುತ್ತವೆ. ನಾಲ್ಕು ಜ್ವರಗಳನ್ನು ದಾಟಿ ಹುಳು ಎಷ್ಟೇ ದಪ್ಪವಾದರೂ ಆ ಲೆಕ್ಕ ಹೆಚ್ಚುವುದಿಲ್ಲ. ಹೆಚ್ಚುವುದು ಕೋಶದೊಳಗಿನ ಡಿ.ಎನ್.ಎ. ಕೋಶವು ಒಡೆಯದೆ ಪ್ರತಿಯ ಮೇಲೆ ಪ್ರತಿ ತೆಗೆಯುತ್ತದೆ. ಒಂದನ್ನು 18 ಸಾರಿ ಇಮ್ಮಡಿಸಿದರೆ 2,62,144 ಆಗುತ್ತದೆ. ಈ ಗ್ರಂಥಿಯ ಕೋಶದಲ್ಲಿ ಡಿ.ಎನ್.ಎ. 2 ಲಕ್ಷದಿಂದ 4 ಲಕ್ಷ ಪಟ್ಟಿನವರೆಗೆ ಏರುತ್ತದೆ. ಕೋಶದ ಕೇಂದ್ರವು ದುಂಡಗಿರದೆ ಮರದ ಕೊಂಬೆಗಳಂತೆ ಕವಲೊಡೆದಿರುತ್ತದೆ. ಹಣ್ಣಿನ ನೊಣದ ಮರಿಹುಳುವಿನ ಜೊಲ್ಲುಗ್ರಂಥಿಯಲ್ಲಿಯೂ ಇದೇ ಬಗೆಯ ಇಮ್ಮಡಿಕೆಯುಂಟಾದರೂ ಅದು ಸಾವಿರದ ಆಸುಪಾಸಿನಲ್ಲಿ ನಿಲ್ಲುತ್ತದೆ.

ಕೋಶವನ್ನು ಒಡೆಯಿಸುವ ಸೈಕ್ಲಿನ್‌ಗಳು ನಾಶವಾಗಿ, ಸೈಕ್ಲಿನ್ ಇ ಮಾತ್ರ ಏರುತ್ತ ಇಳಿಯುತ್ತ ಇರುವುದರಿಂದ ನೊಣದಲ್ಲಿ ಈ ಸುತ್ತುಗಳು ಸಾಧ್ಯವಾಗುತ್ತವೆ. ಅದು ಇಳಿದಾಗ ಬಳೆ ತೊಡಿಸಬಹುದು, ಏರಿದಾಗ ಪ್ರತಿ ನಡೆಯುತ್ತದೆ. ರೇಷ್ಮೆಗ್ರಂಥಿಯಲ್ಲಿ ಪ್ರತಿ ತೆಗೆಯುವ ಡಿ.ಎನ್.ಎ. ಪಾಲಿಮರೇಸುಗಳನ್ನು ಬೇರ್ಪಡಿಸಿ ಪರೀಕ್ಷಿಸಿದ ಕೆಲಸವು ನಮ್ಮ ನೆರೆಯಲ್ಲಿಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕೆ. ಪಿ. ಗೋಪೀನಾಥನ್ ಅವರ ಪ್ರಯೋಗಾಲಯದಲ್ಲಿ 1990ರ ದಶಕದ ಆದಿಭಾಗದಲ್ಲಿ ನಡೆಯಿತು.

ರೇಷ್ಮೆಮನೆಯವರು ಲಕ್ಷ್ಯವಿಡತಕ್ಕ ವಿಷಯ ಇದರ ಮುಂದಿನದು. ನೊಣದ ಮರಿಹುಳುವಿಗೆ ಆಹಾರ ತಪ್ಪಿಸಿದರೆ ಈ ಇಮ್ಮಡಿಕೆ ನಿಂತುಹೋಗುತ್ತದೆಂದು 1998ರಲ್ಲಿ ಬ್ರಿಟನ್, ಎಡ್ಗರ್ ಎಂಬವರು ತೋರಿಸಿದರು. ರೇಷ್ಮೆಹುಳುವೂ ತನ್ನ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಭಾಗಕ್ಕಿಂತ ಹೆಚ್ಚನ್ನು ನಾಲ್ಕನೆಯ ಜ್ವರದಿಂದೆದ್ದ ಮೇಲೆಯೇ ತಿನ್ನುವುದು. ಆ ಹಂತದ ಮೊದಲ ದಿನಗಳಲ್ಲಿ ಗ್ರಂಥಿಯು ಡಿ.ಎನ್.ಎ.ಯನ್ನು ಹೆಚ್ಚಿಸಿಕೊಳ್ಳುತ್ತದೆ, ನಡುವಿನ ವೇಳೆಗೆ ಆ ಕೆಲಸ ಮುಗಿದು, ಆಮೇಲೆ ನೂಲಿನ ಪ್ರೋಟೀನು ರಾಶಿಯಾಗಿ ತಯಾರಾಗುತ್ತದೆ. ಸೊಪ್ಪು ಸಾಲದಾದಾಗ ಮೊದಲೆರಡು ದಿನ ಅರೆಹೊಟ್ಟೆ ಹಾಕಿ ಕೊನೆಯಲ್ಲಿ ತುಂಬಿಸಿದರಾಯಿತೆಂಬ ಲೆಕ್ಕಾಚಾರವನ್ನು ನಾವು ಒಪ್ಪದಿರುವುದು ಇದರಿಂದಲೇ.

ನೂಲಿನ ಜೀನು ಒಂದನ್ನೇ ಹೆಚ್ಚಿಸಿಕೊಂಡರೆ ಸಾಲದೆ, ಎಲ್ಲವನ್ನೂ ಏಕೆ ಇಮ್ಮಡಿಸಬೇಕೆಂದು ಬುದ್ಧಿವಂತೆಯಾದ ಹುಡುಗಿ ಕೇಳಬಹುದು. ಒಳ್ಳೆಯ ಪ್ರಶ್ನೆ. ಹಣ್ಣಿನ ನೊಣವು ಮೊಟ್ಟೆಯ ಚಿಪ್ಪಿನ ಜೀನುಗಳನ್ನು ಹಾಗೆಯೇ ವಿಶೇಷವಾಗಿ ಹೆಚ್ಚಿಸಿಕೊಳ್ಳುತ್ತದೆಂದು 1980ರಲ್ಲಿ ಸ್ಪ್ರಾಡ್ಲಿಂಗ್, ಮಹೋವಾಲ್ಡ್ ಕಂಡರು. ರೇಷ್ಮೆಹುಳುವಾದರೋ ಹಾಗೆ ಮಾಡುವುದಿಲ್ಲ. ಒಂದು ಪೂರ್ಣ ಪ್ರತಿಗೆ ಫೈಬ್ರೋಯಿನ್ ಜೀನು ಒಂದೇ ಎಂದು ಸುಜುಕಿ, ಗೇಜ್, ಬ್ರೌನ್ ಎಂಬವರು 1972ರಲ್ಲಿ ತೋರಿಸಿಕೊಟ್ಟರು. ಗೂಡು ಕಟ್ಟಿ ಮುಗಿದ ಮೇಲೆ ಈ ಗ್ರಂಥಿಯು ಪೊರೆಹುಳುವಿನೊಳಗೆ ತಾನಾಗಿ ಕರಗಿಹೋಗುತ್ತದೆ. ಮಾಗಡಿಯ ಕಡೆಯ ಬಿತ್ತನೆಗೂಡಿನಿಂದ ಹೊರಬರುವ ಚಿಟ್ಟೆಯ ಮೊಟ್ಟೆಗೆ ಆ ಲಕ್ಷಗಟ್ಟಲೆ ಪ್ರತಿಗಳಲ್ಲಿ ಒಂದೂ ಸೇರುವುದಿಲ್ಲ. ಅದಕ್ಕೆ ಹೋಗುವ ಪ್ರತಿಯು ಬೇರೆ ಕೋಶಗಳಲ್ಲಿ, ಮೊದಲಿನಿಂದಲೂ ಪ್ರತ್ಯೇಕವಾಗಿಯೇ ಉಳಿದಿರುತ್ತದೆ.